ಮುದ್ದೆ ಕೊಡಿಸಿದ ಟಿಕೆಟ್

ನನ್ನನ್ನು ಫಾರಿನ್ನಿಗೆ ಕರೆದುಕೊಂಡು ಹೋಗುತ್ತಿರುವುದು ಮಗಳ ಪ್ರೀತಿಯಲ್ಲ, ರಾಗಿಮುದ್ದೆ.

ಮಗಳಿಗೆ ಹೊರದೇಶದ ನಮ್ಮ ರಾಯಭಾರ ಕಚೇರಿಗೆ ವರ್ಗವಾಗಿದೆ. ನನ್ನನ್ನು ಚಂದಾಪುರದಲ್ಲೇ ಬಿಟ್ಟು ಹೋಗುವುದೆಂದು ಅಳಿಯ ತೀರ್ಮಾನಿಸಿದ್ದರು. "ಅಲ್ಲಿ ದೊಡ್ಡ ದೊಡ್ಡೋರು ಊಟಕ್ಕೆ ಬರ್ತಾರೆ ಅತ್ತೆ, ನಿಮ್ಮ ಬಾಯಿ ಸುಮ್ನಿರಲ್ಲ" ಅಂದರು. ಸುಳ್ಳೇನಲ್ಲ.

ಕಳೆದ ಭಾನುವಾರ ಮಗಳ ಮೇಲಧಿಕಾರಿ, ದೆಹಲಿಯ ಹೆಂಗಸು, ಮನೆಗೆ ಊಟಕ್ಕೆ ಬಂದರು. ಮಗಳು ಮಾಡಿದ ಪಲಾವ್ ಬಿಟ್ಟು, ನನ್ನ ತಟ್ಟೆಯ ಮುದ್ದೆ ತೋರಿಸಿ ತನಗೂ ಬೇಕೆಂದರು. ಬಾಯಿಗಿಟ್ಟು ಅಗಿಯತೊಡಗಿದರು. ಮುದ್ದೆ ಹಲ್ಲಿಗೆ ಮೆತ್ತಿಕೊಂಡಿತು.

"ಅಯ್ಯೋ, ಅಗೀಬ್ಯಾಡ ಕಣಮ್ಮ, ನುಂಗು!" ಎಂದು ಕೂಗಿಬಿಟ್ಟೆ. ಒಂದು ತುತ್ತು ಮುರಿದು, ಸೊಪ್ಪಿನ ಸಾರಿನಲ್ಲಿ ಅದ್ದಿ, ಗುಳುಂ ಎಂದು ನುಂಗಿ ತೋರಿಸಿದೆ. ಅಳಿಯನ ಮುಖ ಬಿಳುಚಿಕೊಂಡಿತು. ಆಕೆಯೂ ನುಂಗಿದರು, ಬಿದ್ದು ಬಿದ್ದು ನಕ್ಕರು, ಇನ್ನರ್ಧ ಮುದ್ದೆ ಹಾಕಿಸಿಕೊಂಡರು. ಕೈ ತೊಳೆಯುವಾಗ ಮಗಳಿಗೆ ಹಿಂದಿಯಲ್ಲಿ ಏನೋ ಹೇಳಿದರು. ಅಮ್ಮನನ್ನು ಇಲ್ಲೇ ಬಿಟ್ಟರೆ ಅಲ್ಲಿ ನಿಮ್ಮನೆಗೆ ಊಟಕ್ಕೆ ಯಾರು ಬರುತ್ತಾರೆ, ಎಂದರಂತೆ.

ಆಕೆ ಹೋದ ಮೇಲೆ ಅಳಿಯ ತಲೆ ಕೆರೆದುಕೊಂಡು, "ನೀವೂ ಬಂದ್ಬಿಡಿ ಅತ್ತೆ" ಅಂದರು. "ನೋಡೋಣ" ಅಂದೆ. ಮಾರನೆಯ ಬೆಳಗ್ಗೆ ಗಿರಣಿಯವನು ಬಾಗಿಲು ತೆಗೆಯುವ ಮೊದಲೇ ರಾಗಿ ಚೀಲ ಹಿಡಿದು ಅಲ್ಲಿ ನಿಂತಿದ್ದೆ.