ಪ್ಲಾಸ್ಟರ್ ಮನುಷ್ಯನಿಗೆ ಕೊಣನೂರಿನ ಕಣ್ಣೀರು

ಸ್ನೇಹಿತರೇ, ಇವತ್ತು ಕೊಣನೂರಿನ ಹತ್ತಿರದ ಹೊಲವೊಂದರಲ್ಲಿ ನನ್ನ ಫಸ್ಟ್ ಅಂಡ್ ಲಾಸ್ಟ್ ಸಿನಿಮಾ ಶೂಟಿಂಗ್ ಮುಗಿಯಿತು. ಮಹಾರಾಜರ ಕಾಲದಲ್ಲಿ ಭೂಮಿ ಅಗೆದು ಆದಿಮಾನವನ ಅಸ್ಥಿಪಂಜರ ಕಂಡುಹಿಡಿದ ಪಂಡಿತರೊಬ್ಬರ ಜೀವನಕಥೆಯಂತೆ. ನಾನು ಅವರ ಗುಮಾಸ್ತ. ಒಂದೇ ಡೈಲಾಗ್, ಅದೂ ಇಂಗ್ಲಿಷಿನಲ್ಲಿ: "ಸರ್, ವಿ ಹ್ಯಾವ್ ಫೌಂಡ್ ದಿ ಏನ್ಷಿಯಂಟ್ ಮ್ಯಾನ್!" ನನ್ನವಳು ತೀರಿಹೋದ ಮೇಲೆ ನನ್ನ ಕಾಲೇಜು ಇಂಗ್ಲಿಷ್ ಕೇಳುವವರೇ ಇಲ್ಲ. ಅವಳಿಗೂ ಅರ್ಥವಾಗುತ್ತಿರಲಿಲ್ಲ, ಬಟ್ ಕೇಳುತ್ತಿದ್ದಳು. ಹಾಗಾಗಿ ಈ ಒಂದು ಸಾಲಿನ ಮೇಲೆ ಪ್ರಾಣವನ್ನೇ ಇಟ್ಟುಕೊಂಡಿದ್ದೆ.

ಕ್ಯಾಮೆರಾ ಓಡಿತು. ನಾನು "ಸರ್..." ಎಂದೆ, ಅಷ್ಟೇ. ಮಣ್ಣು ಹೊರುವ ಪಾತ್ರಕ್ಕೆ ಬಂದಿದ್ದ ನಮ್ಮೂರ ಪುಟ್ಟಮ್ಮ ಗುಂಡಿಯೊಳಗಿನ ಪ್ಲಾಸ್ಟರ್ ಅಸ್ಥಿಪಂಜರ ನೋಡಿ ಸೆರಗು ಬಾಯಿಗಿಟ್ಟುಕೊಂಡಳು. "ಅಯ್ಯೋ ನನ್ನಪ್ಪಾ, ಯಾರೂ ಇಲ್ದಂಗೆ ಒಬ್ನೇ ಮನಗಿದ್ಯಲ್ಲಾ!" ಎಂದು ರಾಗ ತೆಗೆದಳು. ಉಳಿದ ಹೆಂಗಸರೂ ದನಿಗೂಡಿಸಿದರು.

"ಕಟ್! ಅಮ್ಮಾ, ಇದು ಸಂತೋಷದ ಸೀನ್!" ಎಂದರು ಡೈರೆಕ್ಟರು.

"ಎಣದ ಮುಂದೆ ನಗಕ್ಕಾಯ್ತದಾ ಸಾ? ನಿಮ್ಮೂರಾಗೆ ನಗ್ತಾರಾ?"

"ಅದು ಪ್ಲಾಸ್ಟರ್ ಅಮ್ಮಾ!"

"ಮನ್ಸ ಅಂತ ನೀವೇ ಯೋಳಿದ್ರಲ್ಲ ಸಾ. ಅವ್ನಿಗೂ ಒಬ್ಳು ಅವ್ವ ಇದ್ದಿರಾಕಿಲ್ವಾ?"

ಅತ್ತು ಮುಗಿಸಿದ ಹೆಂಗಸರು ಸೂತಕ ಕಳೆದುಕೊಳ್ಳಲು ಸಾಲಾಗಿ ಕಾವೇರಿಯ ಕಡೆ ಸ್ನಾನಕ್ಕೆ ಹೊರಟುಹೋದರು. ವಾಪಸ್ ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು. ಡೈರೆಕ್ಟರು ಆ ಶಾಟನ್ನು ಮತ್ತೆ ನೋಡಿ, "ಅಳುವೇ ಸೂಪರ್, ಇದನ್ನೇ ಇಟ್ಕೊಳೋಣ. ಅಂಕಲ್, ನಿಮ್ಮ ಡೈಲಾಗ್ ಬೇಡ" ಎಂದುಬಿಟ್ಟರು.

ನಾನು ಪುಟ್ಟಮ್ಮನ ಮುಖ ನೋಡಿದೆ. ಎಲ್ಲರೂ ಆಗಲೇ ಮೈತೊಳೆದುಕೊಂಡು ಬಂದಾಗಿತ್ತು. ನನ್ನ ಇಂಗ್ಲಿಷಿನ ಸಾವಿಗೆ ಅಳಲು ಒಬ್ಬರೂ ತಯಾರಿರಲಿಲ್ಲ.