ಹಸಿರು ಸೋಫಾದ ಕಂದು ಕೈ

ನನ್ನ ಕಸುಬು ಸೋಫಾ ಹೊಲಿಯುವುದು. ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪುವವನಲ್ಲ ಎಂದು ಜಂಬಪಡುತ್ತಿದ್ದೆ. ಬಟ್ಟೆ ಆರಿಸಿ, ಕತ್ತರಿಸಲು ತೆಗೆದುಕೊಡುವ ಕೆಲಸ ಮಾತ್ರ ಹೆಂಡತಿಯದು. ಅವಳಿಗೆ ಬಣ್ಣದ ಹುಚ್ಚು, ಬಿಟ್ಟುಕೊಟ್ಟದ್ದು ನನ್ನ ದೊಡ್ಡತನ ಎಂದುಕೊಂಡಿದ್ದೆ.

ಬಾಣಂತಿ ತಂಗಿಯನ್ನು ನೋಡಿಕೊಳ್ಳಲು ಅವಳು ಹೋದಾಗ ನನ್ನ ಬಂಡವಾಳ ಬಯಲಾಯಿತು. ಎದುರು ಬೀದಿಯ ನಿವೃತ್ತ ಟೀಚರಮ್ಮ ಹಸಿರು ಸೋಫಾ ಮಾಡಿಕೊಡಲು ಹೇಳಿದ್ದರು. ಒಬ್ಬನೇ ಕೂತು ಹೊಲಿದು ಮುಗಿಸಿದೆ. ನೋಡಲು ಬಂದ ಟೀಚರಮ್ಮ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಏನಪ್ಪಾ ಇದು? ಸೋಫಾ ಹಸಿರು, ಕೈಗಳು ಕಂದು?"

"ಎಲ್ಲಾ ಒಂದೇ ಬಣ್ಣ ಅಮ್ಮಾ. ನೆರಳಿಗೆ ಹಾಗೆ ಕಾಣುತ್ತೆ."

ಸೋಫಾವನ್ನು ಬಿಸಿಲಿಗೆ ಎಳೆಸಿದರು. ಬಿಸಿಲಲ್ಲಿ ನನಗೆ ಅದು ಇನ್ನೂ ಒಂದೇ ಥರ ಕಂಡಿತು. ಧೈರ್ಯ ಹೆಚ್ಚಾಗಿ ದಾರಿಹೋಕರನ್ನೂ ಸಾಕ್ಷಿಗೆ ಕರೆದೆ. ಕರೆದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಟೀಚರಮ್ಮ ಮಾತ್ರ ನಗಲಿಲ್ಲ. "ಮೊದಲು ಕಣ್ಣು ತೋರಿಸು, ಸೋಫಾ ಆಮೇಲೆ" ಎಂದರು.

ಕಣ್ಣಿನ ಡಾಕ್ಟರು ಬಣ್ಣಬಣ್ಣದ ಚುಕ್ಕಿಗಳ ಹಾಳೆ ಹಿಡಿದರು. "ಯಾವ ಅಂಕಿ ಕಾಣ್ತಿದೆ?"

"ಅಂಕಿನಾ? ಯಾರೋ ಮಣಿ ಚೆಲ್ಲಿದ ಹಾಗಿದೆ."

"ನಿಮಗೆ ಕೆಂಪು, ಹಸಿರು, ಕಂದು ಬೇರೆಬೇರೆ ಅಂತ ಸರಿಯಾಗಿ ಗೊತ್ತಾಗಲ್ಲ. ಹುಟ್ಟಿನಿಂದ ಬಂದದ್ದು. ನಾಯಿಗಳಿಗೂ ಹೆಚ್ಚುಕಡಿಮೆ ಹೀಗೇ."

"ನಾಯಿ ಸೋಫಾ ಹೊಲಿಯಲ್ವಲ್ಲ ಡಾಕ್ಟ್ರೇ!"

ಇದು ಸಾಮಾನ್ಯವಾಗಿ ತಾಯಿಯ ಕಡೆಯಿಂದ ಬರುತ್ತದೆ, ಸೋದರಮಾವನನ್ನು ವಿಚಾರಿಸಿ ಎಂದರು. ಫೋನ್ ಮಾಡಿದೆ. "ನನ್ನದು ಹದ್ದಿನ ಕಣ್ಣು ಕಣೋ!" ಎಂದು ಮಾವ ಗುಡುಗಿದರು. ಅದನ್ನು ಸಾಬೀತು ಮಾಡಲು ಮಾರನೇ ದಿನ ಬಂದೇಬಿಟ್ಟರು, ಒಂದು ಕಾಲಿಗೆ ಕೆಂಪು ಕಾಲುಚೀಲ, ಇನ್ನೊಂದಕ್ಕೆ ಹಸಿರು. ಇದನ್ನು ಕಂಡುಹಿಡಿದದ್ದು ನನ್ನ ಮಗಳು. ನಾನಂತೂ, ಮಾವ ಎಷ್ಟು ನೀಟಾಗಿ ಬಂದಿದ್ದಾರೆ ಎಂದುಕೊಂಡಿದ್ದೆ.

ಊರಿಂದ ಬಂದ ಹೆಂಡತಿ ಎಲ್ಲವನ್ನೂ ಕೇಳಿ ಸೊಂಟಕ್ಕೆ ಕೈಯಿಟ್ಟಳು. "ಪರಿಚಯವಾದ ಹೊಸದರಲ್ಲಿ ನನ್ನ ಹಸಿರು ಶಾಲು ನೋಡಿ, 'ಕೆಂಪು ನಿಮಗೆ ಒಪ್ಪುತ್ತೆ' ಅಂದಿದ್ರಿ. ಪಾಪ, ನಾಚಿಕೆಗೆ ತಡವರಿಸ್ತಿದ್ದಾರೆ ಅಂದ್ಕೊಂಡು ಮದುವೆಗೆ ಒಪ್ಪಿಬಿಟ್ಟೆ!"

ಇಬ್ಬರೂ ಸೇರಿ ಸೋಫಾದ ಕೈ ಬಿಚ್ಚಿ ಹೊಸದಾಗಿ ಹೊಲಿದೆವು. ಟೀಚರಮ್ಮನ ಮನೆಯೊಳಗೆ ಅದನ್ನು ತೂರಿಸಲು ಬಾಗಿಲಿನ ಎರಡೂ ಕದ ತೆಗೆಯಬೇಕಾಯಿತು. ಹಿಮ್ಮೆಟ್ಟಿ ನಡೆಯುತ್ತಿದ್ದ ನನ್ನ ಬೆನ್ನು ಗಿಳಿಯ ಪಂಜರಕ್ಕೆ ಬಡಿದು, ಪಂಜರ ಉರುಳಿ ಬಾಯಿ ತೆರೆಯಿತು. ಟೀಚರಮ್ಮನ ಪ್ರಾಣದಂತಿದ್ದ ಗಿಳಿ ಪುರ್ರನೆ ಹಾರಿ ಅಂಗಳದ ಮರ ಸೇರಿತು.

ಮರದ ತುಂಬ ಹಸಿರೆಲೆ, ನಡುನಡುವೆ ಕೆಂಪು ಚಿಗುರು ಇತ್ತಂತೆ. ಎಲ್ಲರೂ ಕತ್ತು ನೋಯುವಷ್ಟು ನೋಡಿದರು, ಗಿಳಿ ಕಾಣಲಿಲ್ಲ. ಟೀಚರಮ್ಮನ ಕಣ್ಣು ತುಂಬಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಮುಖ ತಪ್ಪಿಸಲು ನಾನೂ ಮೇಲೆ ನೋಡಿದೆ. ನನಗೆ ಕೆಂಪೂ ಇಲ್ಲ, ಹಸಿರೂ ಇಲ್ಲ, ಎಲ್ಲ ಒಂದೇ ಮಬ್ಬು ಬಣ್ಣದ ರಾಶಿ. ಆ ರಾಶಿಯಲ್ಲಿ ಒಂದು ಎಲೆ ತೀರಾ ದಪ್ಪಗಿತ್ತು, ಉದ್ದ ಬಾಲವೂ ಇತ್ತು.

"ಅಗೋ, ಮುರಿದ ಕೊಂಬೆ ಪಕ್ಕ!"

ಟೀಚರಮ್ಮ ಹಣ್ಣಿನ ಹೋಳು ಹಿಡಿದು ಮುದ್ದಾಗಿ ಕರೆದರು. ಗಿಳಿ ನಿಧಾನವಾಗಿ ಇಳಿದು ಅವರ ಮುಂಗೈ ಮೇಲೆ ಕೂತಿತು. ಶಹಬ್ಬಾಸ್ ಹೇಳೋಣವೆಂದು ಸವರಲು ಹೋದೆ, ನನ್ನ ಬೆರಳನ್ನು ಕಚ್ಚಿತು.

"ಎಲ್ಲರ ಕಣ್ಣು ಬಣ್ಣದಲ್ಲೇ ಕಳೆದುಹೋಯ್ತು. ನಿಂದು ಆಕಾರ ಹಿಡೀತು" ಎಂದು ಟೀಚರಮ್ಮ ಬೆನ್ನು ತಟ್ಟಿದರು. ರಕ್ತ ಒರೆಸಿಕೊಳ್ಳುತ್ತಲೇ ನಾನು ಎದೆಯುಬ್ಬಿಸಿದೆ.

ಸುದ್ದಿ ಬೀದಿಯೆಲ್ಲ ಹಬ್ಬಿತು. ಅಂದಿನಿಂದ ಅಂಗಡಿಗೆ ಜನ ಬರುವುದೇ ಬರುವುದು. ಒಬ್ಬರ ಕಿವಿಯೋಲೆ ಹುಲ್ಲಲ್ಲಿ ಬಿದ್ದಿದೆ, ಇನ್ನೊಬ್ಬರ ಆಮೆ ತೋಟದಲ್ಲಿ ಮಾಯವಾಗಿದೆ. ನಾನು ಸೂಜಿ ಬದಿಗಿಟ್ಟು ಗಂಭೀರವಾಗಿ ಹೊರಡುತ್ತೇನೆ. ಸೋಫಾ ಬೇಕಾದವರು ಮಾತ್ರ ನನ್ನನ್ನು ದಾಟಿ ಒಳಗೆ ಇಣುಕಿ, "ಅಕ್ಕ ಇದ್ದಾರಾ?" ಎನ್ನುತ್ತಾರೆ.