ಮೊದಲ ಸಾಲಿನ ಶ್ರೀ

ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಶಿರಸಿ ಪೇಟೆಯ ಒಂದು ಮಹಡಿ ಕೋಣೆಯಲ್ಲಿ ನಾವಿಬ್ಬರು ಶಾಲೆಗಳಿಗಾಗಿ ಕನ್ನಡ ನಿಘಂಟಿನ ಸಿ.ಡಿ. ಮಾಡುತ್ತಿದ್ದೆವು. ಶಬ್ದ, ಅರ್ಥ ಎಲ್ಲ ನಿವೃತ್ತ ಕನ್ನಡ ಮಾಸ್ತರರದು. ಅವರು ಹೇರೂರಿನಿಂದ ದಿನಾ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಕಂಪ್ಯೂಟರಿನ ಕೆಲಸ ನನ್ನದು. ಜೂನ್‌ನಲ್ಲಿ ಶಾಲೆ ತೆರೆಯುವುದರೊಳಗೆ ಸಿ.ಡಿ. ಯಲ್ಲಾಪುರದ ಶಾಲೆಗಳಿಗೆ ಮುಟ್ಟದಿದ್ದರೆ ಅಲ್ಲಿಯವರು ಬೇಡವೆನ್ನುತ್ತಿದ್ದರು. ಬೇರೆ ಗಿರಾಕಿಗಳು ನಮಗಿರಲಿಲ್ಲ.

ಹತ್ತಾರು ಸಣ್ಣ ಸ್ಕ್ರಿಪ್ಟುಗಳು, ಅಂದರೆ ಯಂತ್ರಕ್ಕೆ ಆಜ್ಞೆ ಬರೆದಿಟ್ಟ ಫೈಲುಗಳು, ಸೇರಿ ಸಿ.ಡಿ. ತಯಾರಾಗಬೇಕು. ಒಂದು ಶಬ್ದಗಳನ್ನು ಅಕಾರಾದಿಯಾಗಿ ಜೋಡಿಸುತ್ತಿತ್ತು. ಇನ್ನೊಂದು ಶಬ್ದಕ್ಕೊಂದರಂತೆ ಇದ್ದ ಪ್ರತಿ ಪುಟವನ್ನೂ ಚಿತ್ರವಾಗಿಸುತ್ತಿತ್ತು, ಶಾಲೆಯ ಕಂಪ್ಯೂಟರುಗಳಲ್ಲಿ ಕನ್ನಡ ಫಾಂಟ್ ಇರಲಿಲ್ಲವಲ್ಲ. ಯಾವುದಕ್ಕೆ ಯಾವುದು ಆಧಾರ ಎಂಬ ಪಟ್ಟಿ ಬರೆದವನು ನಾನು. ಒಂದು ಫೈಲು ಬದಲಾದರೆ ಅದನ್ನು ಆಧರಿಸಿದ್ದೆಲ್ಲ ಮತ್ತೆ ಓಡುತ್ತದೆ. ಬದಲಾಗಿದೆಯೋ ಇಲ್ಲವೋ ಎಂದು ತಿಳಿಯಲು ಯಂತ್ರ ನೋಡುವುದು ಫೈಲನ್ನು ಕೊನೆಗೆ ಉಳಿಸಿದ ವೇಳೆಯನ್ನು ಮಾತ್ರ.

ಮೇ ತಿಂಗಳಲ್ಲಿ ನನ್ನ ತಲೆ ಕೆಟ್ಟುಹೋಯಿತು. ಬೆಳಿಗ್ಗೆ ಒಂದೇ ಒಂದು ಶಬ್ದ ತಿದ್ದಿ ಓಡಿಸಿದರೂ ಅಷ್ಟೂ ಪುಟಗಳು ಮೊದಲಿನಿಂದ ತಯಾರಾಗಲು ಹೊರಡುತ್ತಿದ್ದವು. ಮೂರು ತಾಸು. ನಡುವೆ ಕರೆಂಟು ಹೋದರೆ ಮತ್ತೆ ಮೂರು ತಾಸು. ಎರಡು ವಾರ ಹುಡುಕಿ ಹುಡುಕಿ, ಕೊನೆಗೆ ಅಕಾರಾದಿಯ ಸ್ಕ್ರಿಪ್ಟು ತೆರೆದೆ. ಅಕ್ಷರಗಳ ಕ್ರಮ ನೋಡಿಕೊಳ್ಳಲೆಂದು ಅದನ್ನು ಮಾಸ್ತರರಿಗೇ ಒಪ್ಪಿಸಿದ್ದೆ. ಮೇಲಿನ ತುದಿಯಿಂದ ಸಾಲುಸಾಲಾಗಿ ಶ್ರೀ, ಶ್ರೀ, ಶ್ರೀ. ಕೆಲಸಕ್ಕೆ ಬಂದ ಒಂದೊಂದು ದಿನಕ್ಕೆ ಒಂದೊಂದು. ಯಂತ್ರ ಓದದಿರಲೆಂದು ಪ್ರತಿಯೊಂದರ ಮುಂದೂ ನಾನು ಕಲಿಸಿದ ಚಿಹ್ನೆ ಬೇರೆ. ಆದರೆ ಶ್ರೀ ಬರೆದು ಉಳಿಸಿದಾಗೆಲ್ಲ ಫೈಲಿನ ವೇಳೆ ಹೊಸದಾಗುತ್ತಿತ್ತು.

"ಆನು ದಿನಾ ಬರೀತೆ ತಮಾ. ಶ್ರೀ ಹಾಕ್ದೇ ಹ್ಯಾಂಗೆ ಶುರು ಮಾಡದು?" ಎಂದರು.

"ಅದ್ರಿಂದ್ಲೇ ಎಲ್ಲಾ ಹಾಳಾಜು ಮಾಸ್ತರೇ. ಇನ್ನು ಆ ಫೈಲು ಮುಟ್ಟಡಿ."

ದನಿ ಏರಿತ್ತು. ಅವರು ಕೀಲಿಮಣೆಯಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಮರುದಿನದಿಂದ ತಿದ್ದುವುದೇನಿದ್ದರೂ ಚೀಟಿಯಲ್ಲಿ ಬರೆದು ಕೊಡತೊಡಗಿದರು. ಮೂರು ತಾಸಿನ ಕಾಟವೂ ನಿಂತಿತು.

ಹೀಗೇ ಬಂದ ಒಂದು ಚೀಟಿಯಲ್ಲಿ 'ಳ' ತಪ್ಪು ಜಾಗದಲ್ಲಿದೆ ಎಂದಿತ್ತು. ತಿದ್ದಿದೆ. ಮತ್ತೆ ಮೂರು ತಾಸು. ಆಗ ಹೊಳೆಯಿತು: ಶಬ್ದಗಳ ಕ್ರಮ ಬದಲಾದರೆ ಚಿತ್ರಗಳನ್ನು ಯಾಕೆ ಮತ್ತೆ ಬರೆಯಬೇಕು? ನನ್ನದೇ ಪಟ್ಟಿ ತೆರೆದು ನೋಡಿದೆ. ಯೋಚಿಸಲು ಬೇಸರಪಟ್ಟು, ಇರಲಿ ಎಂದು, ಎಲ್ಲಕ್ಕೂ ಅಕಾರಾದಿಯನ್ನೇ ಆಧಾರ ಮಾಡಿಟ್ಟಿದ್ದೆ. ಚಿತ್ರಗಳ ಸಾಲಿನಿಂದ ಆ ಒಂದು ಹೆಸರು ಅಳಿಸಿ ಓಡಿಸಿದೆ. ಹತ್ತು ನಿಮಿಷದಲ್ಲಿ ಮುಗಿಯಿತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮಾಸ್ತರರು ಪರದೆಯನ್ನೇ ನೋಡುತ್ತಿದ್ದರು. "ಎನ್ನ ದೆಸೆಯಿಂದ ಇಷ್ಟು ದಿನ ಹಾಳಾತು, ಅಲ್ದಾ?" ಎಂದು ಮೆಲ್ಲಗೆ ಕೇಳಿದರು.

ತಪ್ಪು ನನ್ನ ಪಟ್ಟಿಯದೆಂದು ಹೇಳಿಬಿಡಬಹುದಿತ್ತು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು.

"ಹೋಗ್ಲಿ ಬಿಡಿ ಮಾಸ್ತರೇ" ಎಂದೆ, ದೊಡ್ಡ ಮನಸ್ಸಿನವನ ಹಾಗೆ. ಅವರ ಮುಖದ ಮೇಲೆ ಎಷ್ಟೋ ದಿನದ ನಂತರ ಸಮಾಧಾನ ಕಂಡಿತು.